ಡೆಡ್‌ಲೈನ್ ಎಂಬ ಗೆರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸು, ಕಾಲೇಜು, ಪತ್ರಿಕಾಲಯ, ಎಲ್ಲ ಕಡೆ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಇಂಗ್ಲಿಷ್ ಜೋಡುಪದ ‘ಡೆಡ್‌ಲೈನ್’. ಅದರಲ್ಲಿ ‘ಡೆಡ್’ ಯಾಕಿದೆ, ‘ಲೈನ್’ ಯಾವುದು, ಕನ್ನಡದಲ್ಲಿ ಅದಕ್ಕೆ ಏನನ್ನಬೇಕು, ಕೊನೇ ದಿನವನ್ನು ಎಣಿಸುವುದು ಹೇಗೆ ಎಂದು ಕೇಳುವವರಿಗೆ ಇಲ್ಲಿ ಉತ್ತರಗಳಿವೆ.

ಡೆಡ್‌ಲೈನ್ ಅಂದರೆ ಮೊದಲು ಏನರ್ಥವಿತ್ತು?

ನೆಲದ ಮೇಲಿನ ಒಂದು ಗೆರೆ. ಕಾಲಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಅಮೆರಿಕದ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದ ಕಾಲದಲ್ಲಿ (1861–65) ಯುದ್ಧಕೈದಿಗಳ ಶಿಬಿರಗಳ ಗೋಡೆಯ ಒಳಬದಿಗೆ, ಗೋಡೆಯಿಂದ ಕೆಲವು ಅಡಿ ಈಚೆಗೆ ಒಂದು ಎಲ್ಲೆ ಗುರುತಿಸುತ್ತಿದ್ದರು. ಕೈದಿ ಅದನ್ನು ದಾಟಿದರೆ ಕಾವಲುಗಾರ ಗುಂಡು ಹಾರಿಸುತ್ತಿದ್ದ. ದಾಟಿದವನು ಡೆಡ್, ಹಾಗಾಗಿ ಅದು ಡೆಡ್ ಲೈನ್. ಪದದ ಹಿಂದೆ ಅಲಂಕಾರವೇನೂ ಇಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ ಹೆಸರು.

ಆ ಗೆರೆ ನೋಡಲು ಹೇಗಿತ್ತು? ನಿಜವಾದ ಬೇಲಿಯೇ?

ಹೆಚ್ಚು ದಾಖಲೆ ಸಿಗುವುದು ಜಾರ್ಜಿಯಾ ರಾಜ್ಯದ ಆಂಡರ್‌ಸನ್‌ವಿಲ್ ಎಂಬ ಊರಿನ ಶಿಬಿರದ್ದು. ಅದರ ಅಧಿಕೃತ ಹೆಸರು ಕ್ಯಾಂಪ್ ಸಮ್ಟರ್. ದಕ್ಷಿಣದ ಒಕ್ಕೂಟದವರು 1864ರ ಫೆಬ್ರುವರಿಯಲ್ಲಿ ತೆರೆದ ಈ ಶಿಬಿರ ಮೊದಲು ಹದಿನಾರೂವರೆ ಎಕರೆಯಷ್ಟಿತ್ತು, ಜೂನ್ ಕೊನೆಯ ಹೊತ್ತಿಗೆ ಇಪ್ಪತ್ತಾರೂವರೆ ಎಕರೆಗೆ ಹಿಗ್ಗಿತು. ಸುತ್ತ ಪೈನ್ ಮರದ ದಿಮ್ಮಿಗಳನ್ನು ಒಂದಕ್ಕೊಂದು ತಾಗಿಸಿ ಐದಡಿ ಆಳಕ್ಕೆ ಹೂತು ನಿಲ್ಲಿಸಿದ ಗೋಡೆ. ನೆಲದ ಮೇಲೆ ಅದು ಸುಮಾರು 15 ಅಡಿ ಎತ್ತರ. ಗೋಡೆಯ ತಲೆಯ ಮೇಲೆ 90 ಅಡಿಗೊಂದರಂತೆ ಕಾವಲುಗಾರರ ಅಟ್ಟಣಿಗೆ. ಕೈದಿಗಳು ಅದಕ್ಕೆ ಪಾರಿವಾಳದ ಗೂಡು ಎಂದು ಹೆಸರಿಟ್ಟಿದ್ದರು.

ಆ ಗೋಡೆಯಿಂದ ಒಳಕ್ಕೆ ಸುಮಾರು 19 ಅಡಿ ಈಚೆಗೆ ಡೆಡ್ ಲೈನ್. ಬಲವಾದ ಬೇಲಿ ಎಂದುಕೊಂಡರೆ ತಪ್ಪು. ಸೊಂಟದೆತ್ತರದ ಗೂಟಗಳನ್ನು ನೆಟ್ಟು, ಅವುಗಳ ತಲೆಯ ಮೇಲೆ ತೆಳ್ಳನೆಯ ಮರದ ಪಟ್ಟಿ ಹೊಡೆದಿದ್ದರು. ಎಮ್ಮೆಯೊಂದು ಮೈ ಉಜ್ಜಿದರೆ ಬೀಳುವಂಥದ್ದು. ಯಾರನ್ನೂ ತಡೆದು ನಿಲ್ಲಿಸುವ ಶಕ್ತಿ ಅದಕ್ಕಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ, ತಡೆಯುವ ಕೆಲಸ ಬಂದೂಕಿನದು. ಯುದ್ಧ ಮುಗಿದ ಮೇಲೆ ಶಿಬಿರದ ಉಸ್ತುವಾರಿ ಹೆನ್ರಿ ವಿರ್ಜ್ ಮೇಲೆ ನಡೆದ ವಿಚಾರಣೆಯ ಆರೋಪಪಟ್ಟಿಯಲ್ಲಿ ಈ ಗೆರೆಯ ವರ್ಣನೆಯೇ ಇದೆ: ಕೆಲವೆಡೆ ಭದ್ರವಿಲ್ಲದ ಗೂಟಗಳ ಮೇಲಿನ ಅಲ್ಲಾಡುವ ಪಟ್ಟಿ, ಇನ್ನು ಅನೇಕ ಕಡೆ ಬರೀ ಊಹೆಯ ಗೆರೆ. ಅಂದರೆ ಗೂಟ ಮುರಿದು, ಪಟ್ಟಿ ಕಳಚಿಹೋದ ಜಾಗದಲ್ಲೂ ಗೆರೆ ಇತ್ತು, ಕಣ್ಣಿಗೆ ಮಾತ್ರ ಕಾಣುತ್ತಿರಲಿಲ್ಲ.

ದಾಟಿದರೆ ಗುಂಡು ಎಂದು ಗೊತ್ತಿದ್ದೂ ಕೈದಿಗಳು ಯಾಕೆ ದಾಟುತ್ತಿದ್ದರು?

ಮೊದಲನೇ ಕಾರಣ ಇಕ್ಕಟ್ಟು. 1864ರ ಆಗಸ್ಟ್‌ನಲ್ಲಿ ಅಲ್ಲಿ ಸುಮಾರು 33,000 ಜನ ಇದ್ದರು. ಇಪ್ಪತ್ತಾರೂವರೆ ಎಕರೆ ಎಂದರೆ 11,54,340 ಚದರಡಿ. ಭಾಗಿಸಿದರೆ ತಲೆಗೆ 35 ಚದರಡಿ, ಎರಡು ಚಾಪೆ ಹಾಸುವಷ್ಟು ಜಾಗ. ನಡುವೆ ತೊರೆಯ ಜೌಗು ಇದ್ದುದರಿಂದ ಅಷ್ಟೂ ಸಿಗುತ್ತಿರಲಿಲ್ಲ. ಗೋಡೆಯುದ್ದಕ್ಕೂ 19 ಅಡಿ ಅಗಲದ ಪಟ್ಟಿ ಖಾಲಿ ಬಿಟ್ಟರೆ ಎರಡು ಎಕರೆಯಷ್ಟು ನೆಲ ಅದರಲ್ಲೇ ಹೋಗುತ್ತದೆ.

ಎರಡನೆಯದು, ಮುಖ್ಯವಾದದ್ದು, ನೀರು. ಶಿಬಿರದ ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ಸಣ್ಣ ತೊರೆ ಹರಿಯುತ್ತಿತ್ತು. ಕುಡಿಯಲೂ ಅದೇ, ತೊಳೆಯಲೂ ಅದೇ, ಕೆಳಗಡೆ ಶೌಚಕ್ಕೂ ಅದೇ. ಕಾವಲುಪಡೆಯ ಬಿಡಾರ ಮತ್ತು ಅಡುಗೆಮನೆ ಮೇಲ್ಗಡೆ ಇದ್ದುದರಿಂದ ನೀರು ಒಳಗೆ ಬರುವಾಗಲೇ ಕೆಟ್ಟಿರುತ್ತಿತ್ತು. ಇದ್ದುದರಲ್ಲಿ ಒಳ್ಳೆಯ ನೀರು ಸಿಗುವುದು ತೊರೆ ಒಳಹೊಗುವ ಬಾಯಲ್ಲಿ, ಅಂದರೆ ಸರಿಯಾಗಿ ಡೆಡ್ ಲೈನಿನ ಪಟ್ಟಿಯ ಹತ್ತಿರ. ಪಟ್ಟಿಯ ಅಡಿಯಿಂದ ಕೈ ಚಾಚಿ ಡಬ್ಬಿಯಲ್ಲಿ ನೀರು ಮೊಗೆಯಲು ಹೋದವರ ಮೇಲೆ ಗುಂಡು ಹಾರಿದ್ದಕ್ಕೆ ವಿಚಾರಣೆಯಲ್ಲಿ ಸಾಕ್ಷ್ಯ ನುಡಿದವರಿದ್ದಾರೆ. ಹೊಸದಾಗಿ ಬಂದವರಿಗೆ ನಿಯಮ ಗೊತ್ತಿರುತ್ತಿರಲಿಲ್ಲ, ಜ್ವರದಲ್ಲಿ ತೂರಾಡುವವರಿಗೆ ಗೆರೆ ಕಾಣುತ್ತಿರಲಿಲ್ಲ.

ಆದರೆ ಒಂದು ಮಾತು ನೆನಪಿರಲಿ. ಈ ಶಿಬಿರಕ್ಕೆ ಬಂದ ಸುಮಾರು 45,000 ಜನರಲ್ಲಿ 13,000ದಷ್ಟು ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಭೇದಿ, ಆಮಶಂಕೆ, ಸ್ಕರ್ವಿ. ಗುಂಡಿಗೆ ಬಲಿಯಾದವರು ಅದರ ಮುಂದೆ ಬೆರಳೆಣಿಕೆ. ಗೆರೆಯ ಹೆಸರು ಉಳಿಯಿತು, ಭೇದಿಯ ಲೆಕ್ಕ ಮರೆತುಹೋಯಿತು.

ಡೆಡ್‌ಲೈನ್ ಕಂಡುಹಿಡಿದವನು ಹೆನ್ರಿ ವಿರ್ಜ್ ಎನ್ನುತ್ತಾರಲ್ಲ?

ಅಲ್ಲ. ವಿರ್ಜ್ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವನು, ಆಂಡರ್‌ಸನ್‌ವಿಲ್ಲಿನ ಒಳ ಆವರಣದ ಉಸ್ತುವಾರಿ ಹೊತ್ತ ಕ್ಯಾಪ್ಟನ್. ಯುದ್ಧ ಮುಗಿದ ಮೇಲೆ 1865ರಲ್ಲಿ ವಾಷಿಂಗ್ಟನ್‌ನಲ್ಲಿ ಮೇಜರ್ ಜನರಲ್ ಲ್ಯೂ ವ್ಯಾಲೇಸ್ ಅಧ್ಯಕ್ಷತೆಯ ಸೇನಾ ಆಯೋಗ ಅವನನ್ನು ವಿಚಾರಣೆ ಮಾಡಿತು. ಅದೇ ವರ್ಷ ನವೆಂಬರ್ 10ರಂದು ಗಲ್ಲಿಗೇರಿಸಿದರು. ಡೆಡ್ ಲೈನ್ ಏರ್ಪಡಿಸಿ, ಮುಟ್ಟಿದವರ ಮೇಲೆ, ಬಿದ್ದವರ ಮೇಲೆ, ಅಡಿಯಲ್ಲಿ ನುಸುಳಿದವರ ಮೇಲೆ ಗುಂಡು ಹಾರಿಸಲು ಆಜ್ಞೆ ಕೊಟ್ಟ ಎಂಬುದು ಅವನ ಮೇಲಿನ ಆರೋಪಗಳಲ್ಲೊಂದು. ವಿಚಾರಣೆಯ ವರದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದು ಪದ ಮನೆಮಾತಾಯಿತು. ವಿರ್ಜ್‌ಗೆ ಸಲ್ಲಬೇಕಾದದ್ದು ಪದದ ಪ್ರಚಾರದ ಪಾಲು ಅಷ್ಟೆ, ಹುಟ್ಟಿನದಲ್ಲ.

ಉತ್ತರದವರ ಶಿಬಿರಗಳಲ್ಲೂ, ಉದಾಹರಣೆಗೆ ಷಿಕಾಗೊದ ಕ್ಯಾಂಪ್ ಡಗ್ಲಸ್, ಮೇರಿಲ್ಯಾಂಡಿನ ಪಾಯಿಂಟ್ ಲುಕ್‌ಔಟ್‌ಗಳಲ್ಲಿ, ಇಂಥದೇ ಗೆರೆ, ಇದೇ ಹೆಸರಿನಲ್ಲಿ ಇತ್ತು. ಗೆದ್ದವರ ಶಿಬಿರಗಳ ವಿಚಾರಣೆ ನಡೆಯಲಿಲ್ಲವಾಗಿ ಅವುಗಳ ಕಥೆ ಅಷ್ಟು ಹಬ್ಬಲಿಲ್ಲ.

ಗೆರೆ ದಾಟಿದವನನ್ನು ಕೊಂದ ಕಾವಲುಗಾರನಿಗೆ ರಜೆ ಸಿಗುತ್ತಿತ್ತು ಎಂಬ ಮಾತು ನಿಜವೇ?

ಕೈದಿಗಳ ನಡುವೆ ಅಂಥ ನಂಬಿಕೆ ಬಲವಾಗಿ ಇತ್ತು, ಅವರ ನೆನಪುಗಳಲ್ಲೂ ಬರುತ್ತದೆ. ಅದನ್ನು ಕೈದಿಗಳ ನಂಬಿಕೆ ಎಂದೇ ಬರೆಯಿರಿ, ಆಜ್ಞೆ ಎಂದು ಬರೆಯಬೇಡಿ.

ಈಗ ಆ ಜಾಗದಲ್ಲಿ ಏನಿದೆ?

ರಾಷ್ಟ್ರೀಯ ಐತಿಹಾಸಿಕ ತಾಣ. ಗೋಡೆಯ ಒಂದೆರಡು ಭಾಗಗಳನ್ನು ಮತ್ತೆ ಕಟ್ಟಿದ್ದಾರೆ. ಉಳಿದ ಕಡೆ ಹುಲ್ಲಿನ ಬಯಲಿನಲ್ಲಿ ಎರಡು ಸಾಲು ಬಿಳಿ ಕಂಬಗಳು: ಹೊರಸಾಲು ಗೋಡೆ ಇದ್ದ ಜಾಗ, ಒಳಸಾಲು ಡೆಡ್ ಲೈನ್. ಪದದ ಅರ್ಥವನ್ನು ಹೆಜ್ಜೆ ಹಾಕಿ ಅಳೆಯಬಹುದಾದ ಜಾಗ ಇದು, ಏಳೆಂಟು ಹೆಜ್ಜೆ.

1864ಕ್ಕಿಂತ ಮೊದಲು ಈ ಪದ ಇರಲೇ ಇಲ್ಲವೇ?

ಇತ್ತು, ಬೇರೆ ಅರ್ಥದಲ್ಲಿ. 1860ರಲ್ಲೇ ಗಾಳ ಹಾಕುವವರ ಮಾತಿನಲ್ಲಿ ಡೆಡ್ ಲೈನ್ ಅಂದರೆ ಅಲ್ಲಾಡದೆ ಒಂದೇ ಕಡೆ ನಿಂತಿರುವ ಗಾಳದ ದಾರ. ಅದಕ್ಕೂ ಸೆರೆಶಿಬಿರದ ಗೆರೆಗೂ ನಂಟಿಲ್ಲ, ಎರಡು ಕಡೆ ಬೇರೆ ಬೇರೆಯಾಗಿ ಕೂಡಿದ ಜೋಡಿ.

ಇದು ಸಾಧ್ಯವಾದದ್ದು ಇಂಗ್ಲಿಷಿನ ‘ಡೆಡ್’ಗೆ ಹಲವು ಮುಖ ಇರುವುದರಿಂದ. ಸತ್ತ ಎಂಬುದು ಒಂದು. ಚಲನೆಯಿಲ್ಲದ ಎಂಬುದು ಇನ್ನೊಂದು, ಗಾಳದ ದಾರದಲ್ಲಿ ಇರುವುದು ಇದೇ. ನೆಟ್ಟಗೆ, ಕರಾರುವಾಕ್ಕಾಗಿ ಎಂಬುದು ಮೂರನೆಯದು, ಡೆಡ್ ಸೆಂಟರ್ ಅನ್ನುವಾಗ ಸತ್ತ ನಡುಭಾಗ ಎಂದು ಯಾರೂ ತಿಳಿಯುವುದಿಲ್ಲ. ಬಳಕೆಗೆ ಬಾರದ್ದು ಎಂಬುದು ನಾಲ್ಕನೆಯದು: ವಿಳಾಸ ಸಿಗದ ಕಾಗದ ಡೆಡ್ ಲೆಟರ್, ನಮ್ಮ ಅಂಚೆ ಇಲಾಖೆಯಲ್ಲೂ ಒಂದು ಕಾಲಕ್ಕೆ ಡೆಡ್ ಲೆಟರ್ ಆಫೀಸ್ ಇತ್ತು. ಡೆಡ್‌ಲಾಕ್ ಎಂಬ ಪದ 1779ರ ಷೆರಿಡನ್‌ನ ನಾಟಕದಲ್ಲೇ ಸಿಗುತ್ತದೆ, ಅಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಅಲುಗಾಡುವಂತಿಲ್ಲ ಅಷ್ಟೆ. ಹೀಗಾಗಿ ‘ಡೆಡ್’ ಸೇರಿದ ಯಾವ ಪದ ಕಂಡರೂ ಮೊದಲು ಇವುಗಳಲ್ಲಿ ಯಾವ ಮುಖ ಎಂದು ನೋಡಬೇಕು. ಡೆಡ್‌ಲೈನಿನಲ್ಲಿ ಇರುವುದು ಮೊದಲನೆಯದೇ, ಸಾವು.

ಸೆರೆಶಿಬಿರದಿಂದ ಪದ ಹೊರಗೆ ಬಂದದ್ದು ಹೇಗೆ?

ಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದರು, ಪದವೂ ಅವರ ಜೊತೆ ಬಂತು. ದಾಟಬಾರದ ಗೆರೆ ಎಲ್ಲೆಲ್ಲಿ ಬೇಕಾಯಿತೋ ಅಲ್ಲೆಲ್ಲ ಈ ಹೆಸರು ಅಂಟಿಕೊಂಡಿತು.

ಕ್ಯಾನ್ಸಸ್ ರಾಜ್ಯದಲ್ಲಿ ಟೆಕ್ಸಸ್‌ನಿಂದ ನಡೆಸಿಕೊಂಡು ಬರುವ ದನಗಳ ಜೊತೆ ಜ್ವರವೊಂದು ಬರುತ್ತಿತ್ತು, ಸ್ಥಳೀಯ ದನಗಳು ಸಾಯುತ್ತಿದ್ದವು. ಆ ದನಗಳು ಇಂಥ ಗೆರೆಯಿಂದ ಆಚೆಗೆ ಬರಕೂಡದು ಎಂದು ಕಾನೂನು ಮಾಡಿದರು. ಆ ನಿರ್ಬಂಧದ ಗೆರೆಯೂ ಜನರ ಬಾಯಲ್ಲಿ ಡೆಡ್ ಲೈನ್. ವರ್ಷ ಕಳೆದಂತೆ ಜನವಸತಿ ಬೆಳೆದು ಗೆರೆ ಪಶ್ಚಿಮಕ್ಕೆ ಸರಿಯುತ್ತಾ ಹೋಯಿತು. (ಉಣ್ಣೆಯಿಂದ ಈ ರೋಗ ಹರಡುತ್ತದೆ ಎಂದು ಥಿಯೊಬಾಲ್ಡ್ ಸ್ಮಿತ್ ತೋರಿಸಿಕೊಟ್ಟದ್ದು 1893ರಲ್ಲಿ. ಇಲ್ಲಿ ಉಣ್ಣೆ ಎಂದರೆ ದನದ ಮೈಯಲ್ಲಿ ಕಚ್ಚಿಕೊಂಡಿರುವ ಹುಳ, ಕುರಿಯದ್ದಲ್ಲ.) ಅದೇ ರಾಜ್ಯದ ಡಾಡ್ಜ್ ಸಿಟಿಯಲ್ಲಿ ರೈಲು ಹಳಿಯೇ ಡೆಡ್‌ಲೈನ್. ಹಳಿಯ ಉತ್ತರಕ್ಕೆ ಸೊಂಟದಲ್ಲಿ ಪಿಸ್ತೂಲು ಇಟ್ಟುಕೊಂಡು ಓಡಾಡುವಂತಿಲ್ಲ. ದಕ್ಷಿಣಕ್ಕೆ ಕೇಳುವವರಿಲ್ಲ.

ನ್ಯೂಯಾರ್ಕಿನ ಕಥೆ ಇನ್ನೂ ಸೊಗಸಾಗಿದೆ. 1880ರಲ್ಲಿ ಪತ್ತೇದಾರಿ ವಿಭಾಗದ ಮುಖ್ಯಸ್ಥ ಥಾಮಸ್ ಬರ್ನ್ಸ್ ಫುಲ್ಟನ್ ಬೀದಿಯನ್ನು ಡೆಡ್ ಲೈನ್ ಎಂದು ಸಾರಿದ. ಅದರ ದಕ್ಷಿಣಕ್ಕೆ ವಾಲ್ ಸ್ಟ್ರೀಟಿನ ಬ್ಯಾಂಕುಗಳು, ಒಡವೆ ಅಂಗಡಿಗಳು. ಪೊಲೀಸರಿಗೆ ಮುಖಪರಿಚಯ ಇರುವ ಯಾವ ಕಳ್ಳನಾದರೂ ಆ ಬೀದಿ ದಾಟಿ ಕೆಳಗೆ ಕಾಣಿಸಿಕೊಂಡರೆ, ಏನೂ ಕದಿಯದಿದ್ದರೂ, ಹಿಡಿದು ಒಳಗೆ ಹಾಕುವುದು. ಇಲ್ಲಿ ಗಮನಿಸಬೇಕಾದದ್ದು, ಗೆರೆ ದಾಟಿದವನು ಸಾಯುವುದಿಲ್ಲ, ತೊಂದರೆಗೆ ಸಿಕ್ಕುತ್ತಾನೆ. ಪದದ ಒಳಗಿದ್ದ ಸಾವು ಇಲ್ಲಿಗೆ ತೆಳುವಾಯಿತು. ಹೀಗೆ ತೆಳುವಾಗದೆ ಅದು ಆಫೀಸಿನ ಮೇಜಿಗೆ ಬರುವಂತಿರಲಿಲ್ಲ.

ಅಚ್ಚುಮನೆಯಲ್ಲೂ ಡೆಡ್‌ಲೈನ್ ಇತ್ತಂತೆ. ಅದು ಏನು?

ಇತ್ತು. ಇಲ್ಲಿ ಸ್ವಲ್ಪ ಯಂತ್ರ ಅರ್ಥವಾಗಬೇಕು.

ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಸಿಲಿಂಡರ್ ಪ್ರೆಸ್ಸಿನಲ್ಲಿ ಕೆಳಗೆ ಕಬ್ಬಿಣದ ಸಪಾಟು ಹಾಸು, ಅದಕ್ಕೆ ಬೆಡ್ ಎನ್ನುತ್ತಾರೆ. ಮೊಳೆಗಳನ್ನು ಕಬ್ಬಿಣದ ಚೌಕಟ್ಟಿನೊಳಗೆ ಬಿಗಿದು ಮಾಡಿದ ಫಾರಮ್ಮನ್ನು ಅದರ ಮೇಲೆ ಕೂರಿಸುವುದು. ಮೇಲೆ ತಿರುಗುವ ಸಿಲಿಂಡರು. ಕಾಗದವನ್ನು ಸಿಲಿಂಡರಿಗೆ ಕಚ್ಚಿ ಹಿಡಿಯುವುದು ಗ್ರಿಪ್ಪರ್ ಎಂಬ ಉಕ್ಕಿನ ಬೆರಳುಗಳು. ಬೆಡ್ಡು ಮುಂದಕ್ಕೆ ಹೋಗುವಾಗ ಸಿಲಿಂಡರು ಉರುಳಿ ಕಾಗದವನ್ನು ಮೊಳೆಗಳ ಮೇಲೆ ಒತ್ತುತ್ತದೆ.

ಈಗ ಫಾರಮ್ಮು ಬೆಡ್ಡಿನ ತುದಿಗೆ ಹೆಚ್ಚು ಹತ್ತಿರ ಕೂತಿತು ಅನ್ನಿ. ಸಿಲಿಂಡರು ಸುತ್ತು ಶುರುಮಾಡುವ ಜಾಗದಲ್ಲಿ ಗ್ರಿಪ್ಪರುಗಳು ನೇರ ಮೊಳೆಗಳ ಮೇಲೆ ಇಳಿಯುತ್ತವೆ. ಮೊಳೆ ಸೀಸ, ತವರ, ಆಂಟಿಮನಿ ಕೂಡಿದ ಮೆತ್ತನೆ ಲೋಹ, ಎತ್ತರ 0.918 ಇಂಚು. ಒಂದೇ ಏಟಿಗೆ ಸಾಲಿಗೆ ಸಾಲು ಮುಖ ಜಜ್ಜಿಹೋಗುತ್ತದೆ, ಗ್ರಿಪ್ಪರೂ ಬಾಗುತ್ತದೆ. ಅದಕ್ಕೇ ಬೆಡ್ಡಿನ ಮೇಲೆ ಒಂದು ಗೆರೆ ಕೊರೆದಿರುತ್ತಿದ್ದರು, ಮೊಳೆ ಇದರಿಂದ ಹೊರಗೆ ಬರಕೂಡದು ಎಂದು. ಅದೇ ಡೆಡ್‌ಲೈನ್. 1917ರ ಮುದ್ರಣ ಪಾಠಪುಸ್ತಕವೊಂದರಲ್ಲಿ ಈ ಎಚ್ಚರಿಕೆ ಈ ಹೆಸರಿನಲ್ಲೇ ಸಿಗುತ್ತದೆ.

ನಮ್ಮ ಊರುಗಳ ಟ್ರೆಡಲ್ ಪ್ರೆಸ್ಸಿನಲ್ಲಿ ಕೆಲಸ ಮಾಡಿದವರಿಗೂ ಈ ಭಯ ಗೊತ್ತು. ಅಲ್ಲಿ ಸಿಲಿಂಡರಿಲ್ಲ, ಎರಡು ಚಪ್ಪಟೆ ಮುಖಗಳು ಒಂದನ್ನೊಂದು ಒತ್ತುವುದು. ಆದರೂ ಗ್ರಿಪ್ಪರನ್ನು ಪಕ್ಕಕ್ಕೆ ಸರಿಸದೆ ಚಾಲೂ ಮಾಡಿದರೆ ಮೊದಲ ಒತ್ತಿಗೇ ಮೊಳೆ ಹಾಳು. ಮದುವೆ ಕಾಗದದಲ್ಲಿ ವರನ ಹೆಸರೇ ಜಜ್ಜಿಹೋದರೆ ಫಾರಮ್ಮು ಬಿಚ್ಚಿ ಮತ್ತೆ ಕಟ್ಟಬೇಕು.

ಗೆರೆ ಗಂಟೆಯಾಗಿ ಬದಲಾದದ್ದು ಯಾವಾಗ?

1920ರ ಸುಮಾರಿಗೆ, ಅಮೆರಿಕದ ಪತ್ರಿಕಾಲಯಗಳಲ್ಲಿ. ಈ ಹೊತ್ತಿನ ನಂತರ ಬಂದ ಸುದ್ದಿ ಈ ಆವೃತ್ತಿಗೆ ಇಲ್ಲ ಎನ್ನುವ ಗಳಿಗೆಗೆ ಡೆಡ್‌ಲೈನ್ ಎಂದರು. 1920ರಲ್ಲೇ ‘ಡೆಡ್‌ಲೈನ್ ಅಟ್ ಇಲೆವೆನ್’ ಎಂಬ ಮೂಕಿ ಚಿತ್ರ ಬಂತು, ಪತ್ರಿಕೆಯಲ್ಲಿ ಕೆಲಸಕ್ಕೆ ಸೇರಿದ ಹುಡುಗಿಯ ಕಥೆ. ಚಿತ್ರದ ಹೆಸರಲ್ಲಿ ಹಾಕಿದ್ದಾರೆಂದರೆ ಟಿಕೆಟ್ ಕೊಳ್ಳುವವರಿಗೆ ಆಗಲೇ ಅದು ಸ್ವಲ್ಪವಾದರೂ ತಿಳಿಯುವ ಮಾತಾಗಿತ್ತು ಎಂದಾಯಿತು. ಅಲ್ಲಿಂದ ಮುಂದೆ ಆಫೀಸು, ತೆರಿಗೆ, ಪರೀಕ್ಷೆ ಅರ್ಜಿ ಎಲ್ಲಕ್ಕೂ ಹಬ್ಬಿತು.

ಹಾಗಾದರೆ ಪತ್ರಿಕೆಯವರು ಇದನ್ನು ತೆಗೆದುಕೊಂಡದ್ದು ಸೆರೆಶಿಬಿರದಿಂದಲೋ ಅಚ್ಚುಯಂತ್ರದಿಂದಲೋ?

ಅಂತರ್ಜಾಲದಲ್ಲಿ ಓಡಾಡುವ ಕಥೆ ನೇರವಾಗಿದೆ: ಕೈದಿಯ ಗೆರೆ, ಆಮೇಲೆ ಸಂಪಾದಕನ ಗಡಿಯಾರ. ಆದರೆ ನಡುವೆ ಅರ್ಧ ಶತಮಾನಕ್ಕೂ ಹೆಚ್ಚು ಅಂತರವಿದೆ. ಆ ಅಂತರದಲ್ಲಿ ಪೊಲೀಸರ ಗೆರೆ, ದನದ ಗೆರೆ, ಅಚ್ಚುಯಂತ್ರದ ಗೆರೆ ಇವೆ. ವರದಿಗಾರ ಕೂತ ಕಟ್ಟಡದಲ್ಲೇ, ಕೆಳ ಅಂತಸ್ತಿನಲ್ಲಿ ಅಚ್ಚಿನ ಗೆರೆ ಇತ್ತು. ಸೆರೆಯ ಗೆರೆಯ ನೆನಪು ಊರೆಲ್ಲ ಇತ್ತು. ಒಂದೇ ಬೇರನ್ನು ಹುಡುಕುವುದಕ್ಕಿಂತ, ದಾಟಿದರೆ ಕೆಟ್ಟೆ ಎಂಬ ಅರ್ಥ ಆಗಲೇ ಎಲ್ಲರ ಕಿವಿಯಲ್ಲಿತ್ತು, ಅಚ್ಚುಮನೆ ಅದನ್ನು ಪತ್ರಿಕೆಯ ಹೊಸ್ತಿಲಿಗೆ ತಂದಿತು ಎಂದು ಓದಿಕೊಳ್ಳುವುದೇ ನಮಗೆ ಸರಿಯೆನಿಸುತ್ತದೆ. ಮುದ್ರಣದ ಹಂತವನ್ನು ಹಾರಿಸಿ ಬರೆದ ಲೇಖನ ಕಂಡರೆ ಅರ್ಧ ಕಥೆ ಓದಿದಂತೆ.

ದಿನಪತ್ರಿಕೆಯಲ್ಲಿ ಡೆಡ್‌ಲೈನ್ ಯಾವ ಲೆಕ್ಕದ ಮೇಲೆ ಗೊತ್ತಾಗುತ್ತದೆ?

ಹಿಂದಿನಿಂದ ಮುಂದಕ್ಕೆ. ಓದುಗನ ಬಾಗಿಲಿನಿಂದ ಶುರುಮಾಡಿ ವರದಿಗಾರನ ಕಡೆಗೆ ಕಳೆಯುತ್ತಾ ಬರಬೇಕು. ಒಂದು ಮಾದರಿ ಲೆಕ್ಕ: ದೂರದ ತಾಲ್ಲೂಕಿಗೆ ಬೆಳಗಿನ ಜಾವ 5ಕ್ಕೆ ಕಟ್ಟು ತಲುಪಬೇಕು. ವಾಹನದ ದಾರಿ 4 ಗಂಟೆ ಎಂದರೆ ರಾತ್ರಿ 1ಕ್ಕೆ ಗಾಡಿ ಹೊರಡಬೇಕು. ಎಣಿಸಿ ಕಟ್ಟು ಕಟ್ಟಲು ಅರ್ಧ ಗಂಟೆ, 12:30. ಅಚ್ಚಿಗೆ ಒಂದೂವರೆ ಗಂಟೆ, 11. ಪ್ಲೇಟ್ (ಪುಟ ಮೂಡಿಸಿದ ಅಚ್ಚಿನ ತಗಡು) ಮಾಡಲು ಅರ್ಧ ಗಂಟೆ, 10:30. ಎಲ್ಲಕ್ಕಿಂತ ಕೊನೆಗೆ ಹೋಗುವ ಪುಟವನ್ನು ಡೆಸ್ಕ್‌ನಿಂದ ಬಿಡಬೇಕಾದದ್ದು ಆಗ. ಸುದ್ದಿ ಓದಿ ತಿದ್ದಿ ಪುಟಕ್ಕೆ ಕೂರಿಸಲು ಒಂದು ಗಂಟೆ ಇಟ್ಟರೆ ವರದಿಗಾರನಿಗೆ ಸಿಗುವ ಗಡುವು 9:30. ಅದಕ್ಕೇ ದೂರದೂರಿನ ಆವೃತ್ತಿ ಮೊದಲು ಮುಗಿಯುತ್ತದೆ, ನಗರದ್ದು ಕೊನೆಗೆ. ರಾತ್ರಿ 11ಕ್ಕೆ ಮುಗಿದ ಕ್ರಿಕೆಟ್ ಪಂದ್ಯದ ಫಲಿತಾಂಶ ಒಂದು ಊರಿನ ಪತ್ರಿಕೆಯಲ್ಲಿದ್ದು ಇನ್ನೊಂದು ಊರಿನದರಲ್ಲಿ ಇಲ್ಲದಿರುವುದು ಈ ಲೆಕ್ಕದಿಂದಲೇ.

ಎಲ್ಲಿ ಕೆಡುತ್ತದೆ ಎಂದರೆ, ಎಲ್ಲ ಪುಟಗಳನ್ನೂ ಒಂದೇ ಹೊತ್ತಿಗೆ ಬಿಟ್ಟಾಗ. ಪ್ಲೇಟ್ ವಿಭಾಗದಲ್ಲಿ ಸಾಲು ನಿಂತು, ಸಮಯಕ್ಕೆ ಕೊಟ್ಟವನ ಪುಟವೂ ತಡವಾಗುತ್ತದೆ. ಒಳಪುಟಗಳನ್ನು ಸಂಜೆಯಿಂದಲೇ ಒಂದೊಂದಾಗಿ ಬಿಡುತ್ತಾ ಬಂದು ಮುಖಪುಟವನ್ನು ಕೊನೆಗೆ ಬಿಡುವುದು ಇದಕ್ಕಾಗಿ.

ಹೆಡ್‌ಲೈನ್, ಬೈಲೈನ್, ಡೇಟ್‌ಲೈನ್ ಎಲ್ಲವೂ ಇದೇ ಜಾತಿಯವೇ?

ಅಲ್ಲ. ಕನ್ನಡದಲ್ಲಿ ಗೆರೆ ಬೇರೆ, ಸಾಲು ಬೇರೆ. ಇಂಗ್ಲಿಷಿಗೆ ಎರಡಕ್ಕೂ ‘ಲೈನ್’ ಒಂದೇ. ಹೆಡ್‌ಲೈನ್ (ತಲೆಬರಹ), ಬೈಲೈನ್ (ಬರೆದವರ ಹೆಸರು), ಡೇಟ್‌ಲೈನ್ (ವರದಿಯ ಮೊದಲಿಗೆ ಊರು, ದಿನಾಂಕ) ಇವು ಅಕ್ಷರದ ಸಾಲುಗಳು. ಡೆಡ್‌ಲೈನ್ ಒಂದೇ ಗೆರೆ. ಹೊಸಬರು ಡೇಟ್‌ಲೈನನ್ನೂ ಡೆಡ್‌ಲೈನನ್ನೂ ಅದಲುಬದಲು ಮಾಡುವುದುಂಟು, ಫೋನಿನಲ್ಲಿ ಹೇಳುವಾಗ ‘ಡೇ’ ಸ್ವಲ್ಪ ಎಳೆದು ಹೇಳಿ.

ಕನ್ನಡದಲ್ಲಿ ಏನನ್ನಬೇಕು? ಗಡುವು ಸರಿಯೇ?

ಸರಿ, ಸೊಗಸಾಗಿಯೂ ಇದೆ. ನೆಲದ ಎಲ್ಲೆಗೆ ಗಡಿ, ಕಾಲದ ಎಲ್ಲೆಗೆ ಗಡುವು. ತೆಲುಗಿನಲ್ಲೂ ಗಡುವು, ತಮಿಳಿನಲ್ಲಿ ಕೆಡು. ಕ್ರಿಯಾಪದವೂ ನೋಡಿ: ಗಡುವು ಮೀರಿತು, ಎಲ್ಲೆ ಮೀರಿದ, ಹದ್ದು ಮೀರಿದ. ದಾಟಬಾರದ್ದನ್ನು ದಾಟುವುದಕ್ಕೆ ಕನ್ನಡ ‘ಮೀರು’ ಎನ್ನುತ್ತದೆ, ನೆಲವಾದರೂ ಸರಿ, ದಿನವಾದರೂ ಸರಿ.

ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ಡೆಡ್‌ಲೈನ್ ಒಂದು ಬಿಂದು, ಇಂಥ ದಿನ ಇಂಥ ಗಂಟೆ. ಗಡುವು ಬಿಂದುವೂ ಹೌದು, ಅಲ್ಲಿಯವರೆಗಿನ ಅವಧಿಯೂ ಹೌದು. ‘15 ದಿನಗಳ ಗಡುವು ಕೊಟ್ಟರು’ ಎಂದಾಗ ಅವಧಿ, ‘ಗಡುವು ಸೋಮವಾರಕ್ಕೆ ಮುಗಿಯಿತು’ ಎಂದಾಗಲೂ ಅವಧಿ, ‘ಗಡುವು ಸೋಮವಾರ’ ಎಂದಾಗ ಬಿಂದು. ಇನ್ನೊಂದು, ಗಡುವಿಗೆ ಸ್ವಲ್ಪ ಬೆದರಿಕೆಯ ದನಿ ಇದೆ. ಸಂಘಟನೆಗಳು ಸರ್ಕಾರಕ್ಕೆ ಕೊಡುವುದು ಗಡುವು. ವಿದ್ಯಾರ್ಥಿವೇತನದ ಪ್ರಕಟಣೆಗೆ ‘ಅರ್ಜಿ ಸಲ್ಲಿಸಲು ಕೊನೆಯ ದಿನ’ ಎಂಬುದೇ ಹಿತ.

ಅರಬ್ಬಿಯಿಂದ ಬಂದ ಎರಡು ಪದಗಳೂ ನಮ್ಮಲ್ಲಿವೆ. ವಾಯಿದೆ, ಮೂಲದಲ್ಲಿ ಕೊಟ್ಟ ಮಾತು: ಸಾಲ, ಕೋರ್ಟು, ವ್ಯಾಪಾರದ ಮಾತಿನಲ್ಲಿ ‘ವಾಯಿದೆ ಕೇಳು’, ‘ವಾಯಿದೆ ಮೇಲೆ ವಾಯಿದೆ ಹಾಕು’. ಮುದ್ದತು, ಠೇವಣಿಯ ಅವಧಿಗೆ. ಕಾಲಮಿತಿ ಕಾನೂನಿನ ಬರಹಕ್ಕೆ. ‘ಸಾವಿನ ಗೆರೆ’ ಎಂದು ಪದಕ್ಕೆ ಪದ ಇಟ್ಟು ಅನುವಾದಿಸುವುದು ಆಂಡರ್‌ಸನ್‌ವಿಲ್ ಬಗ್ಗೆ ಬರೆಯುವಾಗ ಮಾತ್ರ ಸರಿ. ಮ್ಯಾನೇಜರು ಕೊಟ್ಟ ಶುಕ್ರವಾರಕ್ಕೆ ಅದನ್ನು ಅಂಟಿಸಬೇಡಿ.

ಲಕ್ಷ್ಮಣರೇಖೆ ಎನ್ನಬಹುದೇ?

ದಾಟಬಾರದ ಗೆರೆ ಎನ್ನುವಷ್ಟಕ್ಕೆ ಹೊಂದುತ್ತದೆ, ಅದರಾಚೆಗೆ ಇಲ್ಲ. ಲಕ್ಷ್ಮಣರೇಖೆ ಒಳಗಿದ್ದವರನ್ನು ಕಾಯಲು ಎಳೆದದ್ದು. ಡೆಡ್ ಲೈನ್ ಒಳಗಿದ್ದವರಿಂದ ಗೋಡೆಯನ್ನು ಕಾಯಲು ಎಳೆದದ್ದು.

ವ್ಯಾಕರಣದ ಪ್ರಕಾರ ಇದು ಯಾವ ಸಮಾಸ?

ಗುಣವಾಚಕ ಮತ್ತು ನಾಮಪದ ಕೂಡಿದ್ದರಿಂದ ನಮ್ಮ ಲೆಕ್ಕದಲ್ಲಿ ಕರ್ಮಧಾರಯ, ಹಿರಿದು ಮರ ಹೆಮ್ಮರವಾದಂತೆ. ಇಂಗ್ಲಿಷಿನಲ್ಲಿ ಕೂಡುವಿಕೆ ಕಾಣುವುದು ಒತ್ತಿನಲ್ಲಿ: ಬಿಡಿ ಪದಗಳಾದಾಗ ‘ಲೈನ್’ ಮೇಲೂ ಒತ್ತು, ಕೂಡಿದಾಗ ‘ಡೆಡ್’ ಮೇಲೆ. ಬರಹದಲ್ಲಿ ಮೊದಲು ಎರಡು ಪದ, ಆಮೇಲೆ ನಡುವೆ ಅಡ್ಡಗೆರೆ, ಕೊನೆಗೆ ಒಂದೇ ಪದ.

ಕೇಶಿರಾಜನ ಕಣ್ಣಿನಿಂದ ನೋಡಿದರೆ ‘ಗಡುವುದಿನಾಂಕ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆಸೆದದ್ದು. ಅರ್ಥದಲ್ಲೂ ಹೇಳಿದ್ದನ್ನೇ ಹೇಳಿದಂತೆ. ‘ಗಡುವು’ ಒಂದೇ ಸಾಕು.

‘31ರೊಳಗೆ’ ಎಂದರೆ 31 ಸೇರುತ್ತದೋ ಇಲ್ಲವೋ?

ಜಗಳಗಳೆಲ್ಲ ಇಲ್ಲೇ ಹುಟ್ಟುವುದು. ‘31ರ ಮೊದಲು’ ಎಂದರೆ 30ಕ್ಕೆ ಮುಗಿಯಬೇಕು. ‘31ರವರೆಗೆ’ ಎಂದರೆ 31 ಸೇರುತ್ತದೆ. ‘31ರೊಳಗೆ’ ಎಂಬುದನ್ನು ಹೆಚ್ಚಿನವರು 31 ಸೇರಿಸಿ ಓದುತ್ತಾರೆ, ಕೆಲವರು ಓದುವುದಿಲ್ಲ. ಪ್ರಕಟಣೆ ಬರೆಯುವವರು ‘31ರ ಸಂಜೆ 5:30ರವರೆಗೆ’ ಎಂದು ಗಂಟೆ ಹಾಕಿಬಿಟ್ಟರೆ ಮಾತು ಮುಗಿಯಿತು. ‘31ರ ರಾತ್ರಿ 12’ ಎಂದು ಬರೆಯಲೇಬೇಡಿ. ಅದು 31 ಶುರುವಾಗುವ 12ರೋ ಮುಗಿಯುವ 12ರೋ ಎಂದು ಓದುಗ ಕೇಳುತ್ತಾನೆ. ‘ರಾತ್ರಿ 11:59’ ಎಂದು ಹಾಕಿ.

ಕಾನೂನಿನ ಎಣಿಕೆಗೆ 1897ರ ಜನರಲ್ ಕ್ಲಾಸಸ್ ಆಕ್ಟ್ ಇದೆ. 9ನೇ ಕಲಮಿನ ಪ್ರಕಾರ ‘ಇಂಥ ದಿನದಿಂದ’ ಎಂದಿದ್ದರೆ ಆ ದಿನ ಎಣಿಕೆಗಿಲ್ಲ. ನೋಟಿಸು ಜೂನ್ 1ಕ್ಕೆ ತಲುಪಿ ‘ತಲುಪಿದ ದಿನದಿಂದ 15 ದಿನ’ ಎಂದಿದ್ದರೆ ಮೊದಲ ದಿನ ಜೂನ್ 2, ಕೊನೇ ದಿನ ಜೂನ್ 16. 10ನೇ ಕಲಮಿನ ಪ್ರಕಾರ ಕೊನೇ ದಿನ ಕೋರ್ಟು ಅಥವಾ ಕಚೇರಿ ಮುಚ್ಚಿದ್ದರೆ ಮತ್ತೆ ತೆರೆದ ದಿನ ಸಲ್ಲಿಸಿದರೂ ಸರಿ. ಇದು ಕೇಂದ್ರದ ಕಾಯ್ದೆಗಳಡಿ ನಡೆಯುವ ಕೆಲಸಕ್ಕೆ. ಖಾಸಗಿ ಕಂಪನಿಯ ಅರ್ಜಿಗೆ ಈ ರಿಯಾಯಿತಿ ಕೇಳಲಾಗದು, ಭಾನುವಾರವಾದರೂ ಜಾಲತಾಣ ಮುಚ್ಚಿರುವುದಿಲ್ಲವಲ್ಲ.

ವಿದೇಶಿ ವಿಶ್ವವಿದ್ಯಾಲಯದ ಡೆಡ್‌ಲೈನ್ ನಮ್ಮ ಗಡಿಯಾರದಲ್ಲಿ ಎಷ್ಟಾಗುತ್ತದೆ?

ಅಮೆರಿಕದ ಪೂರ್ವ ಕರಾವಳಿಯ ಸಮಯದಲ್ಲಿ ರಾತ್ರಿ 11:59 ಎಂದಿದ್ದರೆ ಚಳಿಗಾಲದಲ್ಲಿ ನಮಗೆ ಮರುದಿನ ಬೆಳಿಗ್ಗೆ 10:29, ಬೇಸಿಗೆಯಲ್ಲಿ ಅವರು ಗಡಿಯಾರ ಮುಂದಿಡುವುದರಿಂದ 9:29. ಸಂಶೋಧನಾ ಸಮ್ಮೇಳನಗಳಲ್ಲಿ ‘ಭೂಮಿಯ ಮೇಲೆ ಎಲ್ಲಾದರೂ’ ಎಂಬ ಷರತ್ತು ಇರುತ್ತದೆ. ಗ್ರೀನ್‌ವಿಚ್‌ಗಿಂತ 12 ಗಂಟೆ ಹಿಂದಿನ ವಲಯದ್ದು ಅದು. ಅಲ್ಲಿನ 31ರ ರಾತ್ರಿ 11:59 ನಮಗೆ 1ರ ಸಂಜೆ 5:29. ಕಷ್ಟ ಬರುವುದು ನಮ್ಮಿಂದ ಪೂರ್ವಕ್ಕೆ ಹೋದಾಗ. ಜಪಾನಿನ ರಾತ್ರಿ 11:59 ನಮಗೆ ಅದೇ ದಿನ ರಾತ್ರಿ 8:29. ಊಟ ಮಾಡಿ ಕೂರೋಣ ಎಂದವರಿಗೆ ಅಲ್ಲಿ ಬಾಗಿಲು ಹಾಕಿರುತ್ತದೆ.

ಸೈನ್ಯದಲ್ಲಿ, ಸಾಫ್ಟ್‌ವೇರಿನಲ್ಲಿ ಬೇರೆ ಅರ್ಥ ಇದೆಯೇ?

ಅಮೆರಿಕದ ಸೈನ್ಯದಲ್ಲಿ ‘ಡೆಡ್‌ಲೈನ್’ ಆದ ವಾಹನ ಎಂದರೆ ಕೆಟ್ಟು ನಿಂತದ್ದು, ರಿಪೇರಿಯಾಗುವ ತನಕ ಓಡಿಸುವಂತಿಲ್ಲ. ಸಾಫ್ಟ್‌ವೇರಿನಲ್ಲಿ 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಪ್ರಕಟಿಸಿದ ಪ್ರಬಂಧದಿಂದ ಹೆಸರಾದ ಒಂದು ಕ್ರಮ ಇದೆ: ಯಾವ ಕೆಲಸದ ಗಡುವು ಹತ್ತಿರವೋ ಅದನ್ನು ಪ್ರೊಸೆಸರು ಮೊದಲು ಮಾಡಬೇಕು. ಅಲ್ಲಿ ಗಡುವಿನಲ್ಲಿ ಎರಡು ಬಗೆ. ಮೆದು ಗಡುವು ತಪ್ಪಿದರೆ ವಿಡಿಯೊ ತಡವರಿಸುತ್ತದೆ, ಗಟ್ಟಿ ಗಡುವು ತಪ್ಪಿದರೆ ಕಾರಿನ ಏರ್‌ಬ್ಯಾಗ್ ಹೊತ್ತಿಗೆ ತೆರೆಯುವುದಿಲ್ಲ. ಹಳೆಯ ಅರ್ಥ ಪೂರ್ತಿಯಾಗಿ ಉಳಿದಿರುವುದು ಈ ಎರಡನೆಯದರಲ್ಲೇ.

ಕನ್ನಡದಲ್ಲಿ ಬರೆಯುವಾಗ ಡೆಡ್ಲೈನೋ ಡೆಡ್‌ಲೈನೋ?

ಡೆಡ್‌ಲೈನ್. ಅರ್ಧಾಕ್ಷರ ‘ಡ್’ ಆದ ಮೇಲೆ ಕಣ್ಣಿಗೆ ಕಾಣದ ಬೇರ್ಪಡಿಕೆ ಚಿಹ್ನೆ ಹಾಕದಿದ್ದರೆ ‘ಲ’ ಒತ್ತಕ್ಷರವಾಗಿ ಕೆಳಗಿಳಿದು ‘ಡ್ಲೈ’ ಆಗುತ್ತದೆ, ಎರಡು ಪದ ಕೂಡಿದ್ದೆಂದು ಗೊತ್ತಾಗುವುದಿಲ್ಲ. ನಡುವೆ ಖಾಲಿ ಜಾಗ ಬಿಟ್ಟು ‘ಡೆಡ್ ಲೈನ್’ ಎಂದರೆ ತಪ್ಪಲ್ಲ, ಆದರೆ ಸಾಲಿನ ಕೊನೆಗೆ ಬಂದಾಗ ‘ಡೆಡ್’ ಮೇಲೆ ಉಳಿದು ‘ಲೈನ್’ ಕೆಳಗೆ ಬೀಳುತ್ತದೆ. ಶೀರ್ಷಿಕೆಯಲ್ಲಿ ಹಾಗಾದರೆ ಓದುವವರು ಯಾರೋ ತೀರಿಕೊಂಡರು ಎಂದುಕೊಳ್ಳುತ್ತಾರೆ.